ಬೆಣೆ ಎಳೆದರೆ ಗಂಟೆ ಢಣ್!

ಮಕ್ಕಳೇ, ಬಂಟ್ವಾಳ ತಾಲ್ಲೂಕಿನ ಪೊಳಲಿಯ ಜಾತ್ರೆಯ ಬಗ್ಗೆ ಕೇಳಿದ್ದೀರಾ? ಫಲ್ಗುಣಿ ನದಿಯ ಸಮೀಪದ ರಾಜರಾಜೇಶ್ವರಿ ದೇವಸ್ಥಾನದಲ್ಲಿ ಸುಮಾರು ಒಂದು ತಿಂಗಳು ನಡೆಯುವ ಜಾತ್ರೆ ಅದು. ಅಲ್ಲಿನ ಐದು ದಿನಗಳ 'ಪೊಳಲಿ ಚೆಂಡು' ಬಹಳ ಹೆಸರುವಾಸಿ. ಜಾತ್ರೆ ಎಂದ ಮೇಲೆ ತೇರೂ ಇರುತ್ತದೆ.

ಮುಂದಿನ ಸಲ ಯಾವುದೇ ಊರಿನ ದೊಡ್ಡ ತೇರನ್ನು ಕಂಡಾಗ ಸ್ವಲ್ಪ ಗಮನವಿಟ್ಟು ನೋಡಿ. ಅದರ ಕೆಳಗೆ ಗಾಲಿ ಮತ್ತು ಅಚ್ಚು ಇವೆ. ತೇರು ಉರುಳದಂತೆ ಗಾಲಿಯ ಅಡಿಗೆ ಕೊಡುವ ಮರದ ತುಂಡೇ ಬೆಣೆ. ಕದಲದ ಗಾಲಿಯನ್ನು ಮೀಟುವ ಉದ್ದನೆಯ ಮರವೇ ಸನ್ನೆ. ನಿಮ್ಮ ಮನೆಯ ಬಾವಿಯಲ್ಲಿ ರಾಟೆ ಇದೆ. ಇವೆಲ್ಲ ಸರಳ ಯಂತ್ರಗಳು. ಇವನ್ನು ಸಾಲಾಗಿ ಜೋಡಿಸಿ, ಒಂದು ಇನ್ನೊಂದನ್ನು ನಡೆಸುವಂತೆ ಮಾಡಿದರೆ ಹೇಗಿರುತ್ತದೆ?

ಅಮೆರಿಕದ ವ್ಯಂಗ್ಯಚಿತ್ರಕಾರ ರೂಬ್ ಗೋಲ್ಡ್‌ಬರ್ಗ್ (1883–1970) ಇಂತಹ ಯಂತ್ರಗಳ ಚಿತ್ರ ಬರೆದೇ ಪ್ರಸಿದ್ಧರಾದರು. ಅವರು ಎಂಜಿನಿಯರಿಂಗ್ ಓದಿದವರು. ಊಟದ ನಂತರ ಬಾಯಿ ಒರೆಸುವಂತಹ ಚಿಕ್ಕ ಕೆಲಸಕ್ಕೂ ಹತ್ತಾರು ಹಂತಗಳ ಯಂತ್ರವನ್ನು ಅವರು ಚಿತ್ರದಲ್ಲಿ ಕಟ್ಟುತ್ತಿದ್ದರು! ನಾವೂ ನಾಲ್ಕು ಹಂತಗಳ ಒಂದು ಯಂತ್ರ ಮಾಡೋಣ. ಅದರ ಕೆಲಸ ಗಂಟೆ ಬಾರಿಸುವುದು.

ಬೇಕಾಗುವ ಸಾಮಗ್ರಿಗಳು: ಅಡಿಕೆ ಹಾಳೆ, ಗೋಲಿ, ಎಂಟು ಖಾಲಿ ಬೆಂಕಿಪೆಟ್ಟಿಗೆ, ಮರಳು, 30 ಸೆಂ.ಮೀ. ಅಡಿಪಟ್ಟಿ, ಪೆನ್ಸಿಲ್, ಜೇಡಿಮಣ್ಣು, ಸುಮಾರು 60 ಗ್ರಾಂ ತೂಕದ ಚಪ್ಪಟೆ ಕಲ್ಲು, ನೂಲಿನ ಖಾಲಿ ಉರುಳೆ, ದಾರ, ಕಲ್ಲಿಗಿಂತ ಹಗುರವಾದ ಚಿಕ್ಕ ಗಂಟೆ.

ಮಾಡುವ ವಿಧಾನ:

1. ಮೇಜಿನ ಮೇಲೆ ಪುಸ್ತಕಗಳನ್ನು ಪೇರಿಸಿ, ಅಡಿಕೆ ಹಾಳೆಯನ್ನು ಇಳಿಜಾರಾಗಿ ಇಡಿ. ಮೇಲ್ತುದಿಯಲ್ಲಿ ಗೋಲಿ ಇಟ್ಟು, ಅದು ಉರುಳದಂತೆ ರಬ್ಬರ್ ತುಂಡಿನ ಬೆಣೆ ಕೊಡಿ. ಬೆಣೆಗೆ ದಾರ ಕಟ್ಟಿ.

2. ಇಳಿಜಾರಿನ ಬುಡದಿಂದ ಬೆಂಕಿಪೆಟ್ಟಿಗೆಗಳನ್ನು 2 ಸೆಂ.ಮೀ. ಅಂತರದಲ್ಲಿ ಸಾಲಾಗಿ ನಿಲ್ಲಿಸಿ. ಮೊದಲನೆಯದು ಖಾಲಿ ಇರಲಿ. ಮುಂದಿನವುಗಳಲ್ಲಿ ಸ್ವಲ್ಪ ಸ್ವಲ್ಪವೇ ಮರಳು ಹೆಚ್ಚಿಸುತ್ತಾ ಹೋಗಿ, ಕೊನೆಯದನ್ನು ಪೂರ್ತಿ ತುಂಬಿ. ಮರಳು ಸೋರದಂತೆ ಕಾಗದ ಅಂಟಿಸಿ.

3. ಮೇಜಿನ ಅಂಚಿನಲ್ಲಿ ಪೆನ್ಸಿಲನ್ನು ಜೇಡಿಮಣ್ಣಿನಿಂದ ಅಲುಗದಂತೆ ಕೂರಿಸಿ. ಅಡಿಪಟ್ಟಿಯ 10ನೆಯ ಗುರುತು ಪೆನ್ಸಿಲ್ ಮೇಲಿರಲಿ. ಗಿಡ್ಡ ಭಾಗ ಮೇಜಿನಿಂದ ಹೊರಗೆ ಚಾಚಿರಲಿ. ಅಡಿಪಟ್ಟಿಯನ್ನು ಪೆನ್ಸಿಲ್‌ಗೆ ಸಡಿಲವಾಗಿ ಕಟ್ಟಿ. 25ನೆಯ ಗುರುತಿನಲ್ಲಿ ಕೊನೆಯ ಬೆಂಕಿಪೆಟ್ಟಿಗೆ ಪಟ್ಟಿಯ ಅಂಚಿಗೇ ನಿಲ್ಲಬೇಕು. ಬಿದ್ದಾಗ ಪಟ್ಟಿಯಿಂದ ಆಚೆಗೆ ಬೀಳಬೇಕು. ಆಮೇಲೆ 5ನೆಯ ಗುರುತಿನಲ್ಲಿ ಕಲ್ಲನ್ನು ಇಡಿ.

4. ಕಲ್ಲಿನ ನೇರ ಮೇಲೆ, ಕೋಲಿಗೆ ಪೋಣಿಸಿದ ಉರುಳೆಯನ್ನು ಕಟ್ಟಿ. ಇದೇ ರಾಟೆ. ಕಲ್ಲಿಗೆ ಕಟ್ಟಿದ ದಾರವನ್ನು ರಾಟೆಯ ಮೇಲೆ ಹಾಯಿಸಿ, ಸ್ಟೂಲಿನ ಮೇಲಿಟ್ಟ ಗಂಟೆಗೆ ಕಟ್ಟಿ. ದಾರ ತುಸು ಸಡಿಲವಿರಲಿ. ಕಲ್ಲು ಬೀಳುವಲ್ಲಿ ಗೋಣಿಚೀಲ ಹಾಸಿ, ಕಾಲು ದೂರವಿರಲಿ.

ಈಗ ಬೆಣೆ ಎಳೆಯಿರಿ! ಗೋಲಿ ಉರುಳಿ ಪೆಟ್ಟಿಗೆಗಳನ್ನು ಕೆಡವುತ್ತದೆ. ಕೊನೆಯ ಪೆಟ್ಟಿಗೆ ಬಿದ್ದೊಡನೆ ಸನ್ನೆ ವಾಲಿ, ಕಲ್ಲು ಜಾರಿ, ಗಂಟೆ ಮೇಲೇರುತ್ತಾ ಢಣ್ ಎನ್ನುತ್ತದೆ.

ಹಗುರವಾದ ಪೆಟ್ಟಿಗೆ ಭಾರವಾದ ಕಲ್ಲನ್ನು ತಡೆದದ್ದು ಹೇಗೆ? ಲೆಕ್ಕ ಮಾಡಿ. ಕಲ್ಲು 60 ಗ್ರಾಂ, ಪೆನ್ಸಿಲ್‌ನಿಂದ ದೂರ 5 ಸೆಂ.ಮೀ.; ಗುಣಿಸಿದರೆ 300. ಪೆಟ್ಟಿಗೆ ಇರುವುದು 15 ಸೆಂ.ಮೀ. ದೂರದಲ್ಲಿ. ಅದು 20 ಗ್ರಾಂ ಇದ್ದರೂ 300 ಆಗುತ್ತದೆ! ಅಡಿಪಟ್ಟಿಯ ತೂಕವನ್ನು ಇಲ್ಲಿ ಹಿಡಿದಿಲ್ಲ.

ಇನ್ನೊಂದು ಪ್ರಶ್ನೆ. ಪುಟ್ಟ ಗೋಲಿಗೆ ಗಂಟೆ ಎತ್ತುವಷ್ಟು ಶಕ್ತಿ ಎಲ್ಲಿಂದ ಬಂತು? ಅದು ಗೋಲಿಯ ಶಕ್ತಿಯಲ್ಲ. ಕಲ್ಲನ್ನು ಮೇಜಿನ ಮೇಲೆ ಎತ್ತಿಟ್ಟವರು ನೀವು. ನಿಮ್ಮ ಕೈಯ ಶಕ್ತಿಯೇ ಕಲ್ಲಿನಲ್ಲಿ ಪ್ರಚ್ಛನ್ನ ಶಕ್ತಿಯಾಗಿ ಕಾದಿತ್ತು. ನಿಲ್ಲಿಸಿದ ಪ್ರತಿ ಪೆಟ್ಟಿಗೆಯಲ್ಲೂ ಹಾಗೆಯೇ. ಹಿಂದಿನ ಹಂತ ಅದನ್ನು ಬಿಡುಗಡೆ ಮಾಡುತ್ತದೆ, ಅಷ್ಟೆ. ಬೀಳುವ ಒಂದು ಬಿಲ್ಲೆ ತನಗಿಂತ ಒಂದೂವರೆ ಪಟ್ಟು ದೊಡ್ಡ ಬಿಲ್ಲೆಯನ್ನು ಕೆಡವಬಲ್ಲದು ಎಂದು ಕೆನಡಾದ ಲಾರ್ನ್ ವೈಟ್‌ಹೆಡ್ 1983ರಲ್ಲಿ ತೋರಿಸಿದರು.

ಮೊದಲ ಸಲವೇ ಗಂಟೆ ಬಾರಿಸದಿದ್ದರೆ ಬೇಸರ ಬೇಡ. ನಿಂತುಹೋದ ಹಂತವನ್ನು ಬೆರಳಿನಿಂದ ತಳ್ಳಿಬಿಡಲೂಬೇಡಿ. ಅಲ್ಲಿ ಯಾವುದನ್ನು ಬದಲಿಸಬೇಕೆಂದು ಯೋಚಿಸಿ: ಅಂತರವೇ? ತೂಕವೇ? ಎತ್ತರವೇ? ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ನೋಟ್ ಪುಸ್ತಕದಲ್ಲಿ ಬರೆದಿಡಿ.

ತರಗತಿಯಲ್ಲಿ ನಾಲ್ಕು ಗುಂಪು ಮಾಡಿಕೊಂಡು ಒಂದೊಂದು ಹಂತವನ್ನು ಹಂಚಿಕೊಳ್ಳಬಹುದು. ಆಗ "ನಮ್ಮದು ಸರಿಯಾಗಿದೆ, ನಿಮ್ಮದೇ ತಪ್ಪು" ಎಂಬ ಜಗಳ ಬಂದೇ ಬರುತ್ತದೆ! ಸಾಮಾನ್ಯವಾಗಿ ಯಂತ್ರ ಕೈಕೊಡುವುದು ಎರಡು ಹಂತಗಳು ಸೇರುವ ಜಾಗದಲ್ಲಿ. ಆ ಜಾಗ ಎರಡೂ ಗುಂಪಿಗೆ ಸೇರಿದ್ದು. ಹಗ್ಗ ಎಳೆಯುವವರೂ ಬೆಣೆ ಕೊಡುವವರೂ ಒಬ್ಬರನ್ನೊಬ್ಬರು ನೋಡಿಕೊಂಡರೆ ತಾನೇ ತೇರು ಸಾಗುವುದು?