ಪತಿ ಅಥವಾ ಪತ್ನಿಗೆ ಅಪಘಾತವಾದಾಗ: ಆರೈಕೆಗೂ ಪರಿಹಾರವುಂಟು



ರಸ್ತೆ ಅಪಘಾತದಲ್ಲಿ ಪೆಟ್ಟು ಬೀಳುವುದು ಒಬ್ಬರಿಗೆ. ಕೂಲಿ, ಹೊಲಮನೆ ಬಿಟ್ಟು ಹಗಲಿರುಳು ಹಾಸಿಗೆಯ ಪಕ್ಕ ಕೂರುವವರು ಇನ್ನೊಬ್ಬರು. "ನನ್ನ ಯಜಮಾನರನ್ನು ನಾನು ನೋಡಿಕೊಳ್ಳುವುದಕ್ಕೆ ಲೆಕ್ಕವೇನು?" ಎನ್ನುವ ತಾಯಂದಿರುಂಟು. ಕಾನೂನಿನಲ್ಲಿ ಅದಕ್ಕೂ ಲೆಕ್ಕವಿದೆ.

ಅರ್ಜಿ ಯಾರು ಹಾಕಬೇಕು?

ಬೇರೆ ವಾಹನದವರ ಅಜಾಗರೂಕತೆಯಿಂದ ಗಾಯವಾಗಿದ್ದರೆ 1988ರ ಮೋಟಾರು ವಾಹನಗಳ ಕಾಯ್ದೆಯಂತೆ ಪರಿಹಾರ ಕೇಳಬಹುದು. ಹಕ್ಕು ಗಾಯಾಳುವಿನದು. ಅವರು ಅಧಿಕಾರ ಕೊಟ್ಟರೆ ಪತಿ ಅಥವಾ ಪತ್ನಿ ಅವರ ಪರವಾಗಿ ಅರ್ಜಿ ಸಲ್ಲಿಸಬಹುದು. ಅಪಘಾತವಾದ ಊರಿಗೇ ಹೋಗಬೇಕೆಂದಿಲ್ಲ. ನೀವು ವಾಸಿಸುವ ಊರಿಗೆ ಸಂಬಂಧಿಸಿದ ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿಯೂ ಸಲ್ಲಿಸಬಹುದು. ಅಪಘಾತವಾದ 6 ತಿಂಗಳೊಳಗೆ ಸಲ್ಲಿಸಿರಿ, ತಡಮಾಡಬೇಡಿರಿ.

ಏನೇನು ಕೇಳಬಹುದು?

1. ಚಿಕಿತ್ಸೆ, ಔಷಧಿ, ಓಡಾಟದ ಖರ್ಚು; ಮುಂದೆ ಬರುವ ಚಿಕಿತ್ಸೆಯ ಖರ್ಚು.
2. ನಿಂತುಹೋದ ದುಡಿಮೆ, ಅಂಗವಿಕಲತೆಯಿಂದ ಮುಂದೆ ಆಗುವ ನಷ್ಟ. ಗಾಯಾಳು ಗೃಹಿಣಿಯಾಗಿದ್ದರೂ ಇದನ್ನು ಬಿಡಬೇಡಿರಿ. ಗೃಹಿಣಿಯ ಮನೆಗೆಲಸಕ್ಕೂ ಬೆಲೆಯಿದೆ ಎಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿದೆ.
3. ನೋವು ಮತ್ತು ಬದುಕಿನ ಸುಖದ ನಷ್ಟ.
4. ಆರೈಕೆಯ ವೆಚ್ಚ. ಮನೆಯವರೇ ನೋಡಿಕೊಂಡರೂ ಇದನ್ನು ಕೇಳಬಹುದು. 2020ರ ಒಂದು ಪ್ರಕರಣದಲ್ಲಿ, ತೀವ್ರವಾಗಿ ಗಾಯಗೊಂಡಿದ್ದ ಬಾಲಕಿಯ ಆರೈಕೆಗೆ ಇಬ್ಬರು ಬೇಕೆಂದು ಸರ್ವೋಚ್ಚ ನ್ಯಾಯಾಲಯ ತಿಂಗಳಿಗೆ 5,000 ರೂ.ನಂತೆ ಲೆಕ್ಕ ಹಾಕಿ, ಅದೊಂದಕ್ಕೇ 21,60,000 ರೂ. ಕೊಡಿಸಿತು.

ಇಂದಿನಿಂದಲೇ ಮಾಡಬೇಕಾದದ್ದು

• ಪೊಲೀಸ್ ಠಾಣೆಯಿಂದ ಎಫ್.ಐ.ಆರ್. ಪ್ರತಿ ಪಡೆಯಿರಿ.
• ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಕಾಗದ, ಎಕ್ಸ್‌ರೇ, ಬಿಲ್ಲು, ಔಷಧಿ ಚೀಟಿಗಳನ್ನು ಒಂದೇ ಚೀಲದಲ್ಲಿಡಿರಿ.
• ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆಯಿರಿ: ಕೂಲಿ ತಪ್ಪಿದ ದಿನಗಳು, ಎತ್ತಿ ಕೂರಿಸುವುದು, ಸ್ನಾನ, ಊಟ ಮಾಡಿಸುವುದಕ್ಕೆ ಯಾರು ಬೇಕಾಯಿತು ಎಂಬುದು. ಬರೆಯಲು ಬಾರದಿದ್ದರೆ ಮಕ್ಕಳಿಂದ ಬರೆಸಿರಿ.
• ಗಾಯ ಮಾಗಿದ ಮೇಲೂ ಅಂಗ ಊನವಾಗಿದ್ದರೆ, ಅದರ ಪ್ರಮಾಣಪತ್ರಕ್ಕಾಗಿ ವೈದ್ಯರನ್ನು ಕೇಳಿರಿ.

ಎಚ್ಚರಿಕೆ

ವಾರ್ಡಿಗೆ ಬಂದು "ಹಣ ಕೊಡಿಸುತ್ತೇವೆ" ಎನ್ನುವವರಿಗೆ ಮೂಲ ಕಾಗದಗಳನ್ನು ಕೊಡಬೇಡಿರಿ. ಖಾಲಿ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿರಿ. ಗಾಬರಿಯಲ್ಲಿ ಅಲ್ಪ ಹಣಕ್ಕೆ ರಾಜಿಯಾಗಬೇಡಿರಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಸುಮ್ಮನಿರಬೇಡಿರಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತ ನೆರವು ದೊರೆಯುತ್ತದೆ. ಮಹಿಳೆಯರು ತಮ್ಮ ಹೆಸರಿನ ಪ್ರಕರಣಕ್ಕೆ ಈ ನೆರವು ಪಡೆಯಲು ಆದಾಯದ ಮಿತಿಯಿಲ್ಲ.

ಕೇಳುವುದು ದುರಾಸೆಯಲ್ಲ. ಮನೆ ಮತ್ತೆ ನೆಟ್ಟಗಾಗಲು ಆ ಹಣ ಬೇಕು. ನಿಮ್ಮವರು ಬೇಗ ಗುಣವಾಗಲಿ.