ಮುರಿದ ಬಿಲ್ಲನ್ನು ಒಲೆಗೆ ಹಾಕುವ ಮುನ್ನ

ಬೇಟೆಬಿಲ್ಲು ನೀನೇ ಕೆತ್ತುತ್ತೀಯಂತೆ, ಒಳ್ಳೆಯದೇ ಮಗಾ. ಮೊದಲನೆಯದು ಮುರಿದೇ ಮುರಿಯುತ್ತದೆ. ಎರಡನೆಯದು ಮುರಿದರೂ ಅಚ್ಚರಿಯಿಲ್ಲ. ಆಗ ‘ಮರ ಸರಿಯಿರಲಿಲ್ಲ’ ಎಂದು ಕೈತೊಳೆದುಕೊಳ್ಳುವವರೇ ಹೆಚ್ಚು. ಮರವನ್ನು ದೂರುವ ಮೊದಲು ಇಷ್ಟು ನೋಡು.

• ಎರಡೂ ತುಂಡುಗಳನ್ನು ಬಿಸಿಲಿಗೆ ಹಿಡಿ. ಬೆನ್ನಿನಲ್ಲಿ, ಅಂದರೆ ಗುರಿಯ ಕಡೆಗಿರುವ ಮೈಯಲ್ಲಿ, ಉದ್ದ ಸಿಬಿರೆದ್ದು ಓರೆಯಾಗಿ ಹರಿದಿದ್ದರೆ ಕೆತ್ತುವಾಗ ಮರದ ಎಳೆ ಕಡಿದುಹೋಗಿದೆ. ಗರಗಸದಲ್ಲಿ ಕೊಯ್ದ ಹಲಗೆಗೆ ಇದು ಮಾಮೂಲು. ಬೆಣೆ ಹೊಡೆದು ಸೀಳು; ಎಳೆ ಹೋದತ್ತಲೇ ಸೀಳೂ ಹೋಗುತ್ತದೆ. ಡೊಂಕಿದ್ದರೆ ಇರಲಿ, ಡೊಂಕಿನ ಜಾಡಿನಲ್ಲೇ ಕೆತ್ತು. ಬಿದಿರಿಗೆ ಹೊರಗಿನ ನುಣುಪು ಸಿಪ್ಪೆಯೇ ಬೆನ್ನು. ಅದಕ್ಕೆ ಕತ್ತಿ ತಾಗಿಸಬೇಡ.

• ಹೊಟ್ಟೆಯ ಕಡೆ, ಅಂದರೆ ನಿನ್ನತ್ತ ಇರುವ ಮೈಯಲ್ಲಿ, ಕೂದಲೆಳೆಯಂಥ ಅಡ್ಡ ಸುಕ್ಕು ಕಂಡರೆ ಅದೊಂದೇ ಜಾಗ ಅತಿಯಾಗಿ ಬಗ್ಗುತ್ತಿದೆ. ಅಲ್ಲಿ ಇನ್ನು ಕೆರೆಯಬೇಡ, ಆಚೀಚೆ ಬಗ್ಗದೆ ಸೆಟೆದಿರುವುದನ್ನು ತೆಳುಮಾಡು. ಸುಕ್ಕು ಆಳಕ್ಕಿಳಿದಿದ್ದರೆ ಆ ಬಿಲ್ಲಿನ ಆಸೆ ಬಿಡು.

• ಹೆದೆ ಇಳಿಸಿದ ಮೇಲೂ ಬಿಲ್ಲು ತೀರಾ ಬಗ್ಗಿಯೇ ನಿಂತರೆ ಮೊದಲ ಅನುಮಾನ ಹಸಿ ಮರದ ಮೇಲೆ. ಕಡಿದ ದಿನವೇ ಎರಡೂ ತುದಿಗೆ ಸಗಣಿ ಇಲ್ಲವೇ ಪೇಂಟು ಮೆತ್ತಿ ನೆರಳಿನಲ್ಲಿ ಒಣಗಿಸು. ಒಣಗಿತೋ ಇಲ್ಲವೋ ಎಂದು ತಟ್ಟಿ ನೋಡಿ ಹೇಳುವವರಿದ್ದಾರೆ, ನನಗೆ ನಂಬಿಕೆಯಿಲ್ಲ. ವಾರಕ್ಕೊಮ್ಮೆ ತೂಗು, ತೂಕ ಇಳಿಯುವುದು ನಿಂತ ಮೇಲೆ ಉಳಿ ಹಿಡಿ. ಮಲೆನಾಡಿನ ಮಳೆಗಾಲದಲ್ಲಿ ಒಣಗಿದ ಮರವೂ ತೇವ ಎಳೆದುಕೊಳ್ಳುತ್ತದೆ. ಅಡುಗೆಮನೆಯ ಅಟ್ಟಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

• ಗಿಡ್ಡ ಬಿಲ್ಲಿನ ಮೋಹ ಬೇಡ. 28 ಇಂಚು ಎಳೆಯುವವನಿಗೆ 66 ಇಂಚಿನ ಬಿಲ್ಲಿರಲಿ. ಮರ ಯಾವುದೆಂದರೆ, ಕೊಡಲಿ ಕಾವಿಗೆ ಬಳಸುವ ತಡಸಲು ಚೆನ್ನಾಗಿ ಬಳುಕುತ್ತದೆ.

• ಹೆಚ್ಚು ಬಿಲ್ಲುಗಳು ಹೋಗುವುದು ಅವಸರಕ್ಕೆ. ಮಚ್ಚು, ಉಳಿಗಳನ್ನು ಬೇಗ ಕೆಳಗಿಟ್ಟು ಅರ ಹಿಡಿ, ಕೊನೆಗೆ ಒಡೆದ ಗಾಜಿನ ಚೂರು ಸಾಕು. ಕೆರೆದ ಕೂಡಲೇ ಮರ ತನ್ನ ಬಾಗು ತೋರಿಸುವುದಿಲ್ಲ. ಸ್ವಲ್ಪಸ್ವಲ್ಪವೇ 20-30 ಸಲ ಎಳೆದು ಬಿಟ್ಟ ಮೇಲೆ ನೋಡು. ಹಿಡಿಯನ್ನು ಗೋಡೆಯ ಗೂಟಕ್ಕೆ ಕೂರಿಸಿ, ಹೆದೆಯನ್ನು ರಾಟೆಯ ಹಗ್ಗದಿಂದ ಕೆಳಕ್ಕೆ ಎಳೆದರೆ ಎರಡೂ ತೋಳು ಒಂದೇ ಸಮ ಬಗ್ಗುತ್ತಿವೆಯೇ ಎಂದು ದೂರದಿಂದಲೇ ಕಾಣುತ್ತದೆ. ನೇರ ಕೆಳಗೆ ನಿಲ್ಲಬೇಡ, ತುಂಡು ಕಣ್ಣಿಗೇ ಬಡಿದೀತು. 40 ಪೌಂಡಿನ ಬಿಲ್ಲು ಬೇಕಾದರೆ ನಡುವೆ ಯಾವ ಹಂತದಲ್ಲೂ 40 ಪೌಂಡು, ಅಂದರೆ 18 ಕಿಲೋ, ಮೀರಿ ಎಳೆಯಬೇಡ. ಕೊಕ್ಕೆಯ ತಕ್ಕಡಿಯಲ್ಲಿ ಅಳೆ.

• ಬಾಣವಿಲ್ಲದೆ ಹೆದೆ ಎಳೆದು ಬಿಡಬೇಡ. ಚೆನ್ನಾಗಿರುವ ಬಿಲ್ಲೂ ಅಷ್ಟಕ್ಕೇ ಸೀಳುತ್ತದೆ. ಕೆಲಸವಾದ ಮೇಲೆ ಹೆದೆ ಇಳಿಸಿಡು.

• ಮರಕ್ಕೆಂದು ಕಾಡಿಗೆ ಹೋಗಬೇಡ, ನಮ್ಮ ಬೇಲಿಯ ಬಿದಿರೇ ಸಾಕು. ಹೆಸರಿಗೆ ಬೇಟೆಬಿಲ್ಲಾದರೂ ಬಾಣ ಹೋಗಬೇಕಾದ್ದು ಹುಲ್ಲಿನ ಪಿಂಡಿಗೆ: 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ, ಸಿಕ್ಕಿಬಿದ್ದರೆ ಬಿಡಿಸಲು ನಾನು ಬರುವುದಿಲ್ಲ.