ಗಾಡಿ ರಿಪೇರಿಗೆ ಸಾಲ ಕೇಳಿದಾಗ



ಶಿವಾಜಿನಗರ, ಹಲಸೂರು, ಕೆ.ಆರ್. ಪುರದ ಸಂಘಗಳ ಸಭೆಗೆ ಬಂದಾಗ ನಾವು ಕೇಳುವ ಮಾತಿದು: "ಕಾರು ಜರ್ಕ್ ಹೊಡೀತಿದೆ ಸಿಸ್ಟರ್, ಇಂಜಿನ್ನೇ ಬಿಚ್ಬೇಕಂತೆ." ಹಿಂದೆಯೇ ದೊಡ್ಡ ಸಾಲದ ಅರ್ಜಿ. ಟ್ಯಾಕ್ಸಿ ನಿಂತರೆ ಮನೆಯ ದುಡಿಮೆ ನಿಂತಿತು, ಗಾಡಿಯ ಕಂತು ಮಾತ್ರ ನಿಲ್ಲುವುದಿಲ್ಲ. ಅವಸರ ಸಹಜವೇ. ಆದರೆ ಪೆಟ್ರೋಲ್ ಕಾರುಗಳಲ್ಲಿ ಎಷ್ಟೋ ಸಲ ಕೆಟ್ಟಿರುವುದು ಇಂಜಿನ್ ಅಲ್ಲ, ಅದರೊಳಗೆ ಹೋಗುವ ಗಾಳಿ ಮತ್ತು ಪೆಟ್ರೋಲಿನ ಅಳತೆ.

ನಮ್ಮ ಗ್ಯಾಸ್ ಒಲೆಯನ್ನೇ ನೋಡಿ. ಗಾಳಿ ಕಡಿಮೆಯಾದರೆ ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತದೆ. ಗಾಳಿ ಹೆಚ್ಚಾದರೆ ಉರಿ ಬರ್ನರ್ ಬಿಟ್ಟು ಎದ್ದು, ಬುಸುಗುಟ್ಟಿ, ಆರಿಯೇ ಹೋಗುತ್ತದೆ. ಇಂಜಿನ್ನಿಗೂ ಹಾಗೆಯೇ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಸ್ವಲ್ಪ ಕಡಿಮೆ ಸಾಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಮೆಕ್ಯಾನಿಕ್‌ಗಳು 'ಲೀನ್' ಎನ್ನುತ್ತಾರೆ. ಪಿಕಪ್ ಇರುವುದಿಲ್ಲ, ಮಿಸ್ಸಿಂಗ್ ಆಗುತ್ತದೆ, ಇಂಜಿನ್ ದೀಪ ಹತ್ತುತ್ತದೆ.

ಮೊದಲು ಡ್ರೈವರನ್ನೇ ಕೇಳಿ, ತೊಂದರೆ ಯಾವಾಗ ಜಾಸ್ತಿ? ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್‌ನಲ್ಲಿ ನಿಂತಾಗ ನಡುಗಿ, ಓಡುವಾಗ ಸರಿಹೋದರೆ, ಅಳತೆಗೆ ಸಿಗದ ಕಳ್ಳಗಾಳಿ ಎಲ್ಲೋ ನುಗ್ಗುತ್ತಿದೆ. ರಬ್ಬರ್ ಹೋಸ್ ಬಿರುಕು ಬಿಟ್ಟಿರಬಹುದು, ಗ್ಯಾಸ್ಕೆಟ್ ಹೋಗಿರಬಹುದು. ನಿಂತ ಗಾಡಿಯ ಇಂಜಿನ್ ಎಳೆಯುವ ಗಾಳಿಯೇ ಕಡಿಮೆ, ಅದಕ್ಕೇ ಅಲ್ಲಿ ಕಳ್ಳಗಾಳಿಯ ಪಾಲು ದೊಡ್ಡದು. ನಿಂತಾಗ ಚೆನ್ನಾಗಿದ್ದು ಕೆ.ಆರ್. ಪುರದ ತೂಗುಸೇತುವೆ ಹತ್ತುವಾಗ ಉಸಿರು ಕಟ್ಟಿದರೆ ಪೆಟ್ರೋಲ್ ಸಾಲುತ್ತಿಲ್ಲ. ಫಿಲ್ಟರ್ ಕಟ್ಟಿರಬಹುದು, ಪಂಪ್ ಸೋತಿರಬಹುದು. ಗಾಳಿ ಅಳೆಯುವ ಸೆನ್ಸರ್ ಇರುವ ಗಾಡಿಯಾದರೆ ಅದಕ್ಕೆ ಧೂಳು ಹಿಡಿದಿರಲೂಬಹುದು. ನಮ್ಮ ರಸ್ತೆಗಳ ಧೂಳಿನ ಬಗ್ಗೆ ಹೇಳಬೇಕೇ!

ಆಮೇಲೆ ಸ್ಕ್ಯಾನರ್. ಪಿ0171 ಎಂದು ಬಂದರೆ ಮಿಶ್ರಣ ಲೀನ್ ಆಗಿದೆ ಎಂದಷ್ಟೇ ಅರ್ಥ, ಕಾರಣವನ್ನು ಅದು ಹೇಳುವುದಿಲ್ಲ. ಅದನ್ನು ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸುವುದು ಜ್ವರ ಬಂತೆಂದು ಥರ್ಮಾಮೀಟರ್ ಬದಲಿಸಿದ ಹಾಗೆ. ನಿಂತಲ್ಲಿ ಒಮ್ಮೆ, ರೇಸ್ ಕೊಟ್ಟು 2500 ಆರ್‌ಪಿಎಂನಲ್ಲಿ ಒಮ್ಮೆ, 'ಫ್ಯೂಯಲ್ ಟ್ರಿಮ್' ತೋರಿಸಿ ಎನ್ನಿ. ನಿಂತಲ್ಲಿ 20-25 ಇದ್ದು ರೇಸ್ ಕೊಟ್ಟಾಗ ಇಳಿದರೆ ಕಳ್ಳಗಾಳಿ. ಇಳಿಯದೆ ಏರಿದರೆ ಪೆಟ್ರೋಲಿನ ಕೊರತೆ. ಹೋಸ್ ಮಾತ್ರವಾದರೆ ಸಣ್ಣ ಸಾಲ ಸಾಕಲ್ಲವೇ?

ಹಾಗಂತ ಮುಂದೂಡಬೇಡಿ. ಮಿಸ್ಸಿಂಗ್ ಆಗುತ್ತಲೇ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕರಗಿಸಬಹುದು. ಆಗ ನಿಜಕ್ಕೂ ದೊಡ್ಡ ಸಾಲವೇ ಬೇಕು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಚಿಮುಕಿಸಿ ಲೀಕ್ ಹುಡುಕುವುದಂತೂ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಡೀಸೆಲ್ ಗಾಡಿಗೆ ಈ ಲೆಕ್ಕ ಹೊಂದುವುದಿಲ್ಲ.

ಸ್ಕ್ಯಾನ್ ವಿವರವನ್ನು ಅರ್ಜಿಯ ಜೊತೆ ಇಡಲಿ, ರಿಪೇರಿಯಾದ ಮೇಲೆ ಬಿಚ್ಚಿದ ಹಳೇ ಭಾಗವನ್ನು ಸಭೆಗೆ ತಂದು ತೋರಿಸಲಿ. ಶಿವಾಜಿನಗರದ ಗುಜರಿಯಲ್ಲಿ ಎಷ್ಟೋ ಸಾಮಾನು ಅಗ್ಗಕ್ಕೆ ಸಿಗುತ್ತದೆ. ಹೋಸ್ ಮಾತ್ರ ಹೊಸದೇ ಇರಲಿ, ಹಳೇ ರಬ್ಬರ್ ಮತ್ತೆ ಬಿರಿಯುತ್ತದೆ.